ಕಟ್ಟೆ ಹುಡುಗರ ಸಿನಿಮಾ ಕಟ್ಟುವ ಬಗೆ

(ಪುಣೆಯಲ್ಲಿ ಕನ್ನಡ ಸಿನಿಮಾಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ)

ಪುಣೆಯಲ್ಲಿ ಸಂಜೆ ಯಾವ ಕಾಲೇಜಿನ ಆಸುಪಾಸು ಹೋದರೂ ಒಂದು ಕಟ್ಟಾ ಸಿಗುತ್ತದೆ. ಮರಾಠಿಯವರ ಕಟ್ಟಾ, ನಮ್ಮ ಕಟ್ಟೆ, ಎರಡೂ ಒಂದೇ. ಊರ ಅರಳಿಕಟ್ಟೆಯ ಮೇಲೆ ವಯಸ್ಸಾದವರು ಕೂರುತ್ತಾರೆ. ಇಲ್ಲಿ ಹದಿನಾರು ಹದಿನೇಳರ ಹುಡುಗ ಹುಡುಗಿಯರು. ಐದು ಜನಕ್ಕೆ ಎರಡು ಕಟಿಂಗ್ ಚಹಾ, ಒಂದು ಸಿಗರೇಟಿಗೆ ನಾಲ್ಕು ಕೈ. ಮಾತು ಬೈಗುಳದಲ್ಲಿ ಶುರುವಾಗಿ ಬೈಗುಳದಲ್ಲೇ ಮುಗಿಯುತ್ತದೆ. ಮನೆಗೆ ಹೋಗುವ ಅವಸರ ಯಾರಿಗೂ ಇಲ್ಲ. ಇದನ್ನು ನೋಡಿದ ಯುವ ನಿರ್ದೇಶಕರಿಗೆ ಕೈ ತುರಿಸುವುದು ಸಹಜ. ಕ್ಯಾಮೆರಾ ಹೆಗಲಿಗೇರಿಸಿ ಹೋಗಿ ನಿಂತರೆ ಸಿನಿಮಾ ತಾನಾಗಿ ಆಗಿಬಿಡುತ್ತದೆ ಅನ್ನಿಸುತ್ತದೆ. ಆಗುವುದಿಲ್ಲ. ಯಾಕೆ ಆಗುವುದಿಲ್ಲ, ಆಗಬೇಕಾದರೆ ಏನೇನು ಬೇಕು ಅನ್ನುವುದಷ್ಟೇ ಇವತ್ತಿನ ಮಾತು.

ಹಾದಿ ತಪ್ಪಿದ, ತಮ್ಮನ್ನು ತಾವೇ ಹಾಳುಮಾಡಿಕೊಳ್ಳುವ ಹದಿಹರೆಯದವರ ಚಿತ್ರ ಅಂದಾಕ್ಷಣ 1995ರ 'ಕಿಡ್ಸ್' ಎದುರು ಬಂದು ನಿಲ್ಲುತ್ತದೆ. ನಿರ್ದೇಶಕ ಲ್ಯಾರಿ ಕ್ಲಾರ್ಕ್ ಮೂಲತಃ ಫೋಟೊಗ್ರಾಫರ್. ತಮ್ಮೂರಾದ ಅಮೆರಿಕದ ಟಲ್ಸಾದಲ್ಲಿ ಮಾದಕ ವಸ್ತುವಿನ ಚಟಕ್ಕೆ ಬಿದ್ದ ಗೆಳೆಯರ ಚಿತ್ರಗಳ ಪುಸ್ತಕವನ್ನು 1971ರಲ್ಲೇ ತಂದವರು. ಮೊದಲ ಸಿನಿಮಾ ಮಾಡುವಾಗ ಅವರಿಗೆ ಐವತ್ತು ದಾಟಿತ್ತು. ಚಿತ್ರಕಥೆ ಬರೆದ ಹಾರ್ಮನಿ ಕೊರೀನ್‌ಗೆ ಹತ್ತೊಂಬತ್ತು. ಇಬ್ಬರಿಗೂ ಪರಿಚಯವಾದದ್ದು ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನಲ್ಲಿ, ಸ್ಕೇಟ್‌ಬೋರ್ಡ್ ಹುಡುಗರ ನಡುವೆ. ಅದೂ ಒಂದು ಕಟ್ಟೆಯೇ ಅನ್ನಿ. ಸುಮಾರು 15 ಲಕ್ಷ ಡಾಲರ್ ಬಜೆಟ್, 91 ನಿಮಿಷ, ಬೇಸಗೆಯ ಒಂದು ದಿನದಿಂದ ಮರುದಿನ ಬೆಳಗಿನವರೆಗಿನ ಕತೆ. ಟೆಲಿ ಎಂಬ ಹುಡುಗನಿಗೆ ತನ್ನ ಮೈಯಲ್ಲಿ ಎಚ್‌ಐವಿ ಇರುವುದು ಗೊತ್ತೇ ಇಲ್ಲ. ಅವನಿಂದ ಸೋಂಕು ತಗುಲಿದ ಜೆನ್ನಿ, ಇನ್ನೊಬ್ಬ ಹುಡುಗಿಗೆ ಅದು ತಗುಲುವ ಮೊದಲು ಅವನನ್ನು ಹಿಡಿಯಬೇಕೆಂದು ಊರೆಲ್ಲ ಅಲೆಯುತ್ತಾಳೆ.

ಬಿಡುಗಡೆಯಾದಾಗ ಇದು ಸಾಕ್ಷ್ಯಚಿತ್ರ ಇರಬೇಕು ಅಂದುಕೊಂಡವರೂ ಇದ್ದರು. ಆದರೆ ಆ ಹುಡುಗರ ಬಾಯಿಂದ ಉದುರಿದಂತೆ ಕೇಳುವ ಮಾತಿನಲ್ಲಿ ಬಹುಪಾಲು ಕಾಗದದ ಮೇಲೆ ಬರೆದದ್ದು. ಬರೆಯದೆ ಹೋಗಿದ್ದರೆ ಕೈಯಲ್ಲಿದ್ದ ದುಡ್ಡು ಸಾಲುತ್ತಲೂ ಇರಲಿಲ್ಲ. 35 ಎಂಎಂ ಫಿಲ್ಮಿನ 400 ಅಡಿಯ ಸುರುಳಿ ಓಡುವುದು ನಾಲ್ಕೂವರೆ ನಿಮಿಷಕ್ಕಿಂತ ಕಡಿಮೆ. ಹುಡುಗರನ್ನು ಬಿಟ್ಟು ಏನಾದರೂ ಆಗುತ್ತದೆ ಎಂದು ಕಾಯುತ್ತ ಕೂತರೆ ಏನಾಗುವ ಮೊದಲೇ ಸುರುಳಿ ಮುಗಿದಿರುತ್ತದೆ. ಈಗ ಮೆಮೊರಿ ಕಾರ್ಡಿನಲ್ಲಿ ಗಂಟೆಗಟ್ಟಲೆ ಹಿಡಿಯಬಹುದು. ಕಷ್ಟ ಅಲ್ಲೇ ಶುರು. ನಲವತ್ತು ಗಂಟೆ ಹರಟೆ ಹಿಡಿದುಕೊಂಡು ಎಡಿಟಿಂಗ್ ಟೇಬಲ್ಲಿಗೆ ಬರುತ್ತಾರೆ; ಮೊದಲ ದೃಶ್ಯದಿಂದ ಎರಡನೇ ದೃಶ್ಯಕ್ಕೆ ದಾಟಲು ಒಂದು ವಾಕ್ಯ ಸಿಗುವುದಿಲ್ಲ.

'ಕಿಡ್ಸ್'ನ ಒಂದು ಭಾಗವನ್ನು ಹತ್ತಿರದಿಂದ ನೋಡೋಣ. ಒಂದು ಮನೆಯಲ್ಲಿ ಹುಡುಗರು ಗುಂಪುಗೂಡಿ ಹುಡುಗಿಯರ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದಾರೆ. ಇನ್ನೊಂದು ಮನೆಯಲ್ಲಿ ಹುಡುಗಿಯರು ಹುಡುಗರ ಬಗ್ಗೆ ಮಾತಾಡುತ್ತಿದ್ದಾರೆ. ಸಂಕಲನ ಒಂದು ಕೋಣೆಯಿಂದ ಇನ್ನೊಂದಕ್ಕೆ ಹಾರುತ್ತದೆ: ಇಲ್ಲಿ ಒಬ್ಬ ಎದೆ ತಟ್ಟಿ ಹೇಳಿದ ಮಾತನ್ನು ಅಲ್ಲಿ ಒಬ್ಬಳು, ಕೇಳಿಸಿಕೊಳ್ಳದೆಯೇ, ಸುಳ್ಳು ಮಾಡುತ್ತಾಳೆ. ಇದು ಎರಡು ಕೋಣೆಗಳ ಮಾತನ್ನು ಒಟ್ಟಿಗಿಟ್ಟುಕೊಂಡು ಬರೆದರೆ ಮಾತ್ರ ಆಗುವ ಕೆಲಸ. ಆಮೇಲೆ ಬರುವುದು ಕ್ಲಿನಿಕ್. ಜೆನ್ನಿಯ ಗೆಳತಿ ರೂಬಿಗೆ ಎಚ್‌ಐವಿ ಪರೀಕ್ಷೆ ಮಾಡಿಸಬೇಕು, ಜೊತೆಗಿರಲೆಂದು ಜೆನ್ನಿಯೂ ಮಾಡಿಸಿಕೊಂಡಿದ್ದಾಳೆ. ನರ್ಸ್ ಕೇಳುವ ಪ್ರಶ್ನೆಗಳಿಗೆ ಇಬ್ಬರೂ ಕೊಡುವ ಉತ್ತರ ಅಕ್ಕಪಕ್ಕ ಬರುತ್ತದೆ. ಉತ್ತರ ಕೇಳಿದ ನಮಗೆ ಅಪಾಯ ರೂಬಿಗೇ ಎಂದು ಖಾತ್ರಿಯಾಗಿಬಿಟ್ಟಿರುತ್ತದೆ. ಫಲಿತಾಂಶ ಬಂದಾಗ ರೂಬಿ ಪಾರು, ಜೆನ್ನಿಗೆ ಸೋಂಕು. ಹಿನ್ನೆಲೆಯಲ್ಲಿ ಪಿಟೀಲು ಅಳುವುದಿಲ್ಲ. ಕಚೇರಿ ಕೆಲಸದಂತೆ ಸುದ್ದಿ ಬರುತ್ತದೆ, ಅಷ್ಟೇ.

ಇವತ್ತಿನ ಪ್ರೇಕ್ಷಕರಿಗೆ ಆ ಸುದ್ದಿಯ ಭಾರ ತಿಳಿಯಬೇಕಾದರೆ ಒಂದು ಮಾತು ಬೇಕು. ಎಚ್‌ಐವಿಗೆ ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಪರಿಣಾಮಕಾರಿ ಚಿಕಿತ್ಸೆ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1996ರಲ್ಲಿ. ನಮ್ಮಲ್ಲಿ ಸರಕಾರ ಅದನ್ನು ಉಚಿತವಾಗಿ ಕೊಡಲು ಶುರುಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಜೆನ್ನಿ ಕೂತಿರುವ ಕುರ್ಚಿಯಲ್ಲಿ ಆ ಫಲಿತಾಂಶಕ್ಕೆ ಒಂದೇ ಅರ್ಥವಿತ್ತು. ಈ ಚಿತ್ರವನ್ನು ಈಗ ತೋರಿಸುವವರು ಮೊದಲೇ ಇದನ್ನು ಹೇಳದಿದ್ದರೆ ಇಪ್ಪತ್ತರ ಹುಡುಗರಿಗೆ ಅವಳ ಓಡಾಟ ಬರೀ ಹುಚ್ಚಾಟವಾಗಿ ಕಾಣುತ್ತದೆ.

ಈಗ ಇನ್ನೊಂದು ಲೆಕ್ಕ. ಆ ಚಿತ್ರದಲ್ಲಿ ಗಮನಕ್ಕೆ ಬರುವ ದೊಡ್ಡವರನ್ನು ಬೆರಳು ಮಡಿಚಿ ಎಣಿಸಬಹುದು. ಟೆಲಿಯ ಅಮ್ಮ ಒಂದು ಕೈಯಲ್ಲಿ ಸಿಗರೇಟು ಹಿಡಿದು ಕೂಸಿಗೆ ಮೊಲೆಯೂಡಿಸುತ್ತಾಳೆ, ಮಗ ಕೇಳಿದ ದುಡ್ಡು ಕೊಡುವುದಿಲ್ಲ. ಕ್ಲಿನಿಕ್ಕಿನ ನರ್ಸ್. ಜೆನ್ನಿಗೆ ಸಮಾಧಾನ ಹೇಳುವ ಟ್ಯಾಕ್ಸಿ ಚಾಲಕ. ಅಪ್ಪಂದಿರು, ಮೇಷ್ಟ್ರು, ಪೊಲೀಸರು ಯಾರೂ ಕತೆಯ ದಾರಿಗೆ ಅಡ್ಡ ಬರುವುದಿಲ್ಲ. ಚಿತ್ರ ಕೊಡುವ ಹೊಡೆತ ಬೈಗುಳದಿಂದಲ್ಲ, ಈ ಖಾಲಿ ಜಾಗದಿಂದ. ನಮ್ಮವರು ಬರೆಯುವ ಇಂಥ ಕತೆಗಳಲ್ಲಿ ಕೊನೆಗೊಬ್ಬ ಒಳ್ಳೆಯ ಮೇಷ್ಟ್ರು ಬಂದೇ ಬರುತ್ತಾರೆ. ಅವರು ಬಂದ ನಿಮಿಷಕ್ಕೆ ಪ್ರೇಕ್ಷಕರು ಬೆನ್ನು ಹಿಂದಕ್ಕೆ ಹಾಕಿ ಕೂರುತ್ತಾರೆ: ಸರಿ, ನೋಡಿಕೊಳ್ಳುವವರು ಬಂದರು. ಮೇಷ್ಟ್ರನ್ನು ಕತೆಯಿಂದ ತೆಗೆಯಿರಿ. ಆದರೆ ತೆಗೆದ ಮೇಷ್ಟ್ರನ್ನು, ಅಂದರೆ ಹುಡುಗರನ್ನು ನೋಡಿಕೊಳ್ಳುವ ಒಬ್ಬ ದೊಡ್ಡವರನ್ನು, ಸೆಟ್ಟಿನ ಮೇಲೆ ತಂದು ನಿಲ್ಲಿಸಬೇಕು. ಅದನ್ನು ಮರೆತವರೇ ಹೆಚ್ಚು.

'ಕಿಡ್ಸ್' ತಂಡ ಎಡವಿದ್ದು ಅಲ್ಲೇ ಎಂದು ನನ್ನ ಅಭಿಪ್ರಾಯ. ಪಾತ್ರಧಾರಿಗಳಲ್ಲಿ ಹೆಚ್ಚಿನವರು ಬೀದಿಯಿಂದ ನೇರ ಬಂದವರು. ಜೆನ್ನಿಯ ಪಾತ್ರಕ್ಕೆ ಮೊದಲು ಗೊತ್ತುಮಾಡಿದ್ದ ವೃತ್ತಿನಟಿಯನ್ನು ಚಿತ್ರೀಕರಣಕ್ಕೆ ಸ್ವಲ್ಪ ಮುಂಚೆ ಬಿಟ್ಟು ಕ್ಲೋಯಿ ಸೆವಿನಿಯನ್ನು ತಂದರು. ಅವರಿಗೂ ರೂಬಿಯ ಪಾತ್ರ ಮಾಡಿದ ರೊಸಾರಿಯೊ ಡಾಸನ್‌ಗೂ ಮುಂದೆ ದೊಡ್ಡ ದಾರಿ ತೆರೆಯಿತು. ಟೆಲಿಯ ಗೆಳೆಯ ಕ್ಯಾಸ್ಪರ್ ಪಾತ್ರದ ಜಸ್ಟಿನ್ ಪಿಯರ್ಸ್ 25ನೇ ವಯಸ್ಸಿಗೆ, 2000ದಲ್ಲಿ ತೀರಿಕೊಂಡರು. ಇನ್ನೊಬ್ಬ ಪಾತ್ರಧಾರಿ ಹೆರಾಲ್ಡ್ ಹಂಟರ್ 31ಕ್ಕೆ, 2006ರಲ್ಲಿ. ಇದಕ್ಕೆಲ್ಲ ಸಿನಿಮಾವೇ ಕಾರಣ ಎಂದರೆ ಅನ್ಯಾಯವಾದೀತು. ಆದರೆ ಚಿತ್ರ ದುಡ್ಡು ಮಾಡಿತು, ಹೆಸರು ಮಾಡಿತು, ತಾವು ಮಾತ್ರ ಅದೇ ಪಾರ್ಕಿಗೆ ವಾಪಸ್ಸಾದೆವು ಎಂಬ ದೂರು ಆ ಗೆಳೆಯರ ಗುಂಪಿನಿಂದಲೇ 2021ರ ಒಂದು ಸಾಕ್ಷ್ಯಚಿತ್ರದಲ್ಲಿ ಬಂತು. ಅದನ್ನು ತಳ್ಳಿಹಾಕುವಂತಿಲ್ಲ.

ಇದಕ್ಕೆ ಎದುರಾಗಿ ನಮ್ಮ ಮುಂಬಯಿಯ ಉದಾಹರಣೆಯೇ ಇದೆ. 1988ರ 'ಸಲಾಮ್ ಬಾಂಬೆ'ಗೆ ಮೀರಾ ನಾಯರ್ ಬೀದಿ ಮಕ್ಕಳನ್ನು ಆರಿಸಿ, ಮೊದಲು ಕಾರ್ಯಾಗಾರ ನಡೆಸಿ, ಆಮೇಲೆ ಕ್ಯಾಮೆರಾ ಇಟ್ಟರು. ಚಿತ್ರದಿಂದ ಬಂದ ದುಡ್ಡಿನಲ್ಲಿ ಸಲಾಮ್ ಬಾಲಕ್ ಟ್ರಸ್ಟ್ ಹುಟ್ಟಿತು. ಅದು ಇವತ್ತಿಗೂ ಕೆಲಸ ಮಾಡುತ್ತಿದೆ. ಆದರೂ ಕತೆ ಪೂರ್ತಿ ಸಿಹಿಯಲ್ಲ. ಮುಖ್ಯ ಪಾತ್ರದ ಶಫೀಕ್ ಸೈಯದ್ ಬೆಂಗಳೂರಿನಿಂದ ಓಡಿ ಮುಂಬಯಿಗೆ ಬಂದಿದ್ದ ಹುಡುಗ. ರಾಷ್ಟ್ರಪ್ರಶಸ್ತಿ ಬಂತು, ಪಾತ್ರಗಳು ಬರಲಿಲ್ಲ; ಬೆಂಗಳೂರಿಗೇ ಮರಳಿ ಆಟೋ ಓಡಿಸಿದರು. ಟ್ರಸ್ಟು ಕಟ್ಟಿದಲ್ಲೂ ಇಷ್ಟು. ಏನನ್ನೂ ಕಟ್ಟದ ಕಡೆ ಏನಾದೀತು?

ಸರಿ, ಈಗ ಕೆಲಸಕ್ಕೆ ಬರೋಣ.

ಮೊದಲು ವಯಸ್ಸು. ಚುಂಬನ, ಮೈಮುಟ್ಟುವ ಸಲಿಗೆ, ಲೈಂಗಿಕ ಸೂಚನೆ ಇರುವ ಯಾವ ಪಾತ್ರಕ್ಕೂ 18 ತುಂಬಿದವರನ್ನೇ ಹಾಕಿ. ಇದರಲ್ಲಿ ಚೌಕಾಸಿ ಇಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆ 18ರ ಒಳಗಿನವರೆಲ್ಲರನ್ನೂ ಮಗು ಅನ್ನುತ್ತದೆ, ಕಲೆಯ ಹೆಸರು ಅಲ್ಲಿ ನಡೆಯುವುದಿಲ್ಲ. ವಯಸ್ಸಿನ ದಾಖಲೆಯೆಂದು ಆಧಾರ್ ಕಾರ್ಡಿನ ಫೋಟೊ ತೆಗೆದಿಟ್ಟುಕೊಂಡು ಸುಮ್ಮನಾಗಬೇಡಿ. ಬಾಲನ್ಯಾಯ ಕಾಯ್ದೆ ಮೊದಲು ನೋಡುವುದು ಶಾಲೆಯ ಜನನ ದಿನಾಂಕದ ಪತ್ರ ಅಥವಾ ಹತ್ತನೇ ತರಗತಿಯ ಪ್ರಮಾಣಪತ್ರವನ್ನು. ನೀವೂ ಅದನ್ನೇ ಕೇಳಿ. ಹತ್ತೊಂಬತ್ತರವರನ್ನು ಹದಿನಾರರಂತೆ ತೋರಿಸುವುದು ಕಷ್ಟವಲ್ಲ. ಹೆಗಲು ಕಿರಿದಾಗಿರುವವರನ್ನು ಆರಿಸಿ, ಒಂದು ಸೈಜು ದೊಡ್ಡ ಶರ್ಟು ಹಾಕಿಸಿ, ಬೆನ್ನಿಗೆ ಶಾಲೆಯ ಬ್ಯಾಗು ಕೊಡಿ. ಮೀಸೆಯನ್ನು ಪೂರ್ತಿ ಬೋಳಿಸಿದರೆ ಹಸಿರು ನೆರಳು ಉಳಿದು ವಯಸ್ಸು ಹೆಚ್ಚೇ ಕಾಣುತ್ತದೆ. ಹಿಂದಿನ ರಾತ್ರಿ ಟ್ರಿಮ್ಮರ್ ಆಡಿಸಿ ಬಿಟ್ಟರೆ ಸಾಕು.

14ರ ಒಳಗಿನ ಮಕ್ಕಳಿದ್ದರೆ ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳು ಅನ್ವಯಿಸುತ್ತವೆ. ಚಿತ್ರೀಕರಣ ನಡೆಯುವ ಜಿಲ್ಲೆಯ ದಂಡಾಧಿಕಾರಿಯ ಅನುಮತಿ, ನಮೂನೆ 'ಸಿ'ಯಲ್ಲಿ ಮುಚ್ಚಳಿಕೆ, ಪೋಷಕರ ಒಪ್ಪಿಗೆ. ದಿನಕ್ಕೆ ಐದು ಗಂಟೆ ಮೀರುವಂತಿಲ್ಲ, ವಿರಾಮವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರರು ಇರಬೇಕು. ಸಂಭಾವನೆಯ ಕನಿಷ್ಠ ಶೇಕಡಾ 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ನಿಶ್ಚಿತ ಠೇವಣಿಗೆ ನೇರ ಹಾಕಬೇಕು. ಐದು ಗಂಟೆ ಎಂದರೆ ಊಟ, ಮೇಕಪ್ಪು, ಮುನಿಸು ಕಳೆದು ಕೈಗೆ ಸಿಗುವುದು ಮೂರು ಗಂಟೆ. ಕಾಲ್‌ಶೀಟನ್ನು ಅದರ ಮೇಲೆ ಹಾಕಿ. 14 ದಾಟಿದವರಿಗೂ ಇದನ್ನೇ ಪಾಲಿಸಿದರೆ ಕಳೆದುಕೊಳ್ಳುವುದೇನಿಲ್ಲ.

ದಿನ ಗೊತ್ತುಮಾಡುವಾಗ ಪರೀಕ್ಷೆಯ ಕ್ಯಾಲೆಂಡರ್ ಮುಂದಿರಲಿ. ಮಹಾರಾಷ್ಟ್ರದಲ್ಲಿ ಹತ್ತನೇ, ಹನ್ನೆರಡನೇ ತರಗತಿಯ ಬೋರ್ಡ್ ಪರೀಕ್ಷೆ ಫೆಬ್ರವರಿ, ಮಾರ್ಚ್‌ನಲ್ಲಿ. ಜೂನ್ ಎರಡನೇ ವಾರದ ಹೊತ್ತಿಗೆ ಪುಣೆಗೆ ಮಳೆ, ಅದರ ಬೆನ್ನಿಗೇ ಶಾಲೆ. ನಿಮಗಿರುವುದು ಏಪ್ರಿಲ್ ನಡುವಿನಿಂದ ಸುಮಾರು ಐವತ್ತು ದಿನ. ಉಳಿದದ್ದನ್ನು ದೀಪಾವಳಿ ರಜೆಗೆ ಮುಗಿಸಿದರಾಯಿತು ಅಂದವರ ಹುಡುಗ ಅಷ್ಟರಲ್ಲಿ ಎರಡಿಂಚು ಬೆಳೆದಿರುತ್ತಾನೆ, ದನಿ ಒಡೆದಿರುತ್ತದೆ. ಬೆಳೆದ ಹುಡುಗನನ್ನು ಡಬ್ಬಿಂಗಿನಲ್ಲಿ ಚಿಕ್ಕವನು ಮಾಡಲಾಗದು.

ಕಾರ್ಯಾಗಾರಕ್ಕೆ ಆರು ವಾರ ಇಟ್ಟುಕೊಳ್ಳಿ: ವಾರಕ್ಕೆ ಮೂರು ದಿನ, ದಿನಕ್ಕೆರಡು ಗಂಟೆ. ಮೊದಲ ಎರಡು ವಾರ ಸ್ಕ್ರಿಪ್ಟೂ ಬೇಡ, ಕ್ಯಾಮೆರಾನೂ ಬೇಡ. ಆಟ, ಜಗಳ, ಅಡುಗೆ, ಏನಾದರೂ. ಮೂರನೇ ವಾರ ಕ್ಯಾಮೆರಾ ಕೋಣೆಯಲ್ಲಿರಲಿ, ಹುಡುಗರೇ ಅದನ್ನು ಹಿಡಿದು ಒಬ್ಬರನ್ನೊಬ್ಬರು ತೆಗೆಯಲಿ. ಕದ್ದು ರೆಕಾರ್ಡ್ ಮಾಡುವ ಚಪಲ ಹಲವರಿಗಿದೆ. ಒಮ್ಮೆ ಸಿಕ್ಕಿಬಿದ್ದರೆ ಆ ನಂಬಿಕೆ ಮತ್ತೆ ಬರುವುದಿಲ್ಲ. ನಾಲ್ಕು, ಐದನೇ ವಾರ ಸನ್ನಿವೇಶ ಮಾತ್ರ ಕೊಡಿ: 'ನಿನ್ನ ಹತ್ತಿರ ಇಪ್ಪತ್ತು ರೂಪಾಯಿ ಇದೆ, ಅವನಿಗೆ ಗೊತ್ತಾಗಬಾರದು.' ಹುಡುಗರು ಆಡಿದ್ದರಲ್ಲಿ ಒಳ್ಳೆಯದನ್ನು ಬರೆದುಕೊಂಡು ಸ್ಕ್ರಿಪ್ಟಿಗೆ ಸೇರಿಸಿ, ಆರನೇ ವಾರ ಬರೆದ ಮಾತನ್ನೇ ಆಡಿಸಿ. ಇಲ್ಲಿ ಕೆಡುವುದು ಎರಡು ಬಗೆಯಲ್ಲಿ. ಒಂದು, ತೆಗೆದದ್ದನ್ನು ಹುಡುಗರಿಗೆ ತೋರಿಸುವುದು. ಮರುದಿನದಿಂದ ಪ್ರತಿಯೊಬ್ಬನೂ ಕಲಾವಿದ. ಇನ್ನೊಂದು ಹೆಚ್ಚು ಗಂಭೀರ. ಕತೆಯಲ್ಲಿ ಏಟು ತಿನ್ನುವ ಹುಡುಗ ನಿಧಾನವಾಗಿ ನಿಜದಲ್ಲೂ ಗುಂಪಿನ ಗೇಲಿಗೆ ಗುರಿಯಾಗುತ್ತಾನೆ. ಅದಕ್ಕೇ ತಾಲೀಮಿನಲ್ಲಿ ಪಾತ್ರ ಅದಲುಬದಲು ಮಾಡಿಸಬೇಕು. ಪ್ರತಿದಿನ ಮುಗಿಸುವಾಗ ಎಲ್ಲರೂ ಒಬ್ಬರನ್ನೊಬ್ಬರು ನಿಜ ಹೆಸರಿನಿಂದ ಕರೆದು ಹೊರಡಬೇಕು.

ಕಾರ್ಯಾಗಾರದಲ್ಲಿ ಯಾವುದಾದರೂ ಮಗು ತನ್ನ ಮೇಲಾದ ಲೈಂಗಿಕ ದೌರ್ಜನ್ಯದ ವಿಷಯ ಬಾಯಿಬಿಡಬಹುದು. ಅದು ನಿಮ್ಮ ಚಿತ್ರದ ಸರಕಲ್ಲ. ಪೋಕ್ಸೊ 19ನೇ ಕಲಮಿನ ಪ್ರಕಾರ ಪೊಲೀಸರಿಗೋ ವಿಶೇಷ ಬಾಲಪೊಲೀಸ್ ಘಟಕಕ್ಕೋ ತಿಳಿಸಲೇಬೇಕು, ತಿಳಿಸದಿರುವುದು ಅಪರಾಧ. ಆದ್ದರಿಂದ ಮೊದಲ ದಿನದಿಂದಲೇ ಒಬ್ಬ ಆಪ್ತಸಮಾಲೋಚಕರು ಕೋಣೆಯಲ್ಲಿರಬೇಕು. ನಾನು ಆಗಲೇ ಹೇಳಿದ ಮೇಷ್ಟ್ರು ಇವರೇ. ಬೇಡ ಎನಿಸಿದ ದೃಶ್ಯವನ್ನು ಅಲ್ಲೇ ನಿಲ್ಲಿಸುವ ಅಧಿಕಾರ ಇವರಿಗಿರಲಿ, ನಿರ್ದೇಶಕರನ್ನು ಕೇಳದೆ.

ಭಾಷೆಯ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು ನೋಡಿ. ಪುಣೆಯ ಕನ್ನಡ ಮನೆಯ ಹುಡುಗ ಫೋನಿನಲ್ಲಿ 'ಅವ್ವಾ, ಕ್ಲಾಸಿಗೆ ಹೊಂಟೇನಿ' ಅನ್ನುತ್ತಾನೆ, ಫೋನಿಟ್ಟು ಗೆಳೆಯನಿಗೆ ಮರಾಠಿಯಲ್ಲಿ 'ಚಲ್ ರೇ, ಉಶೀರ್ ಝಾಲಾ' (ನಡಿಯೋ, ತಡ ಆಯ್ತು) ಅನ್ನುತ್ತಾನೆ, ಜಗಳಕ್ಕೆ ನಿಂತರೆ ಹಿಂದಿ, ಸುಳ್ಳು ಹೇಳಬೇಕಾದರೆ ಇಂಗ್ಲಿಷು. ಮುಂಬಯಿಗೆ ಹೋದರೆ ಇದರ ಮೇಲೆ ತುಳು ಬೇರೆ. ಇಷ್ಟನ್ನೂ ಒಂದೇ ಕನ್ನಡಕ್ಕೆ ಇಳಿಸಿದರೆ ಕಟ್ಟೆಯ ಮೇಲೆ ಆಕಾಶವಾಣಿಯ ವಾರ್ತೆ ಓದಿದಂತಾಗುತ್ತದೆ. ಅಡಿಬರಹ ಹಾಕಿ, ಭಾಷೆ ಮುಟ್ಟಬೇಡಿ.

ಧ್ವನಿಗೆ ಪ್ರತಿಯೊಬ್ಬರಿಗೂ ಕಾಲರ್ ಮೈಕು ಬೇಕಾಗುತ್ತದೆ, ಯಾಕೆಂದರೆ ಹುಡುಗರು ಒಬ್ಬರ ಮೇಲೊಬ್ಬರು ಮಾತಾಡುತ್ತಾರೆ. ಕ್ರೀಡೆಯ ನೈಲಾನ್ ಜೆರ್ಸಿ ಹಾಕಿಸಿದರೆ ಮೈಕಿನ ತುಂಬ ಸರಸರ. ಹತ್ತಿ ಬಟ್ಟೆಯೇ ಸರಿ. ಟೇಕು ಓಕೆಯಾದ ಕೂಡಲೆ, ಮೈಕು ಬಿಚ್ಚುವ ಮೊದಲು, ಪ್ರತಿಯೊಬ್ಬರ ಮಾತನ್ನೂ ಒಂದೊಂದಾಗಿ ಮತ್ತೆ ಹೇಳಿಸಿ, ಅರ್ಧ ನಿಮಿಷ ಆ ಜಾಗದ ಬರೀ ಸದ್ದು ಹಿಡಿಯಿರಿ. ಕ್ಯಾಮೆರಾ ಕಟ್ಟೆಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ, ಅಂದರೆ ನಾಲ್ಕಡಿ ಎತ್ತರಕ್ಕೆ ಇರಲಿ. ನಿಂತು ತೆಗೆದರೆ ಅದು ಬೈಯಲು ಬಂದ ವಾಚ್‌ಮನ್ನನ ನೋಟವಾಗುತ್ತದೆ.

ಚಟದ ದೃಶ್ಯಗಳಲ್ಲಿ ಬಿಯರಿಗೆ ಸೋಡಾ ಬೆರೆಸಿದ ಸೇಬಿನ ರಸ, ರಮ್ಮಿಗೆ ತೆಳು ಚಹಾ ಡಿಕಾಕ್ಷನ್ ನಡೆಯುತ್ತದೆ. ಪುಡಿ ಯಾವುದೇ ಇರಲಿ, ಗ್ಲೂಕೋಸ್ ಆಗಲಿ ಮೈದಾ ಆಗಲಿ, ಮೂಗಿಗೆ ಎಳೆಸಬೇಡಿ, ಉಸಿರಾಟಕ್ಕೆ ತೊಂದರೆ. ತಲೆ ಬಗ್ಗಿಸುವ ಹೊತ್ತಿಗೆ ಕೋನ ಬದಲಿಸಿದರೆ ಕೆಲಸ ಆಗುತ್ತದೆ. ಸಿಗರೇಟಿನ ದೃಶ್ಯವಿದ್ದರೆ ಚಿತ್ರದ ಆರಂಭಕ್ಕೂ ಮಧ್ಯಕ್ಕೂ 30 ಸೆಕೆಂಡಿನ ಆರೋಗ್ಯ ಸಂದೇಶ, 20 ಸೆಕೆಂಡಿನ ಹೇಳಿಕೆ, ದೃಶ್ಯ ಇರುವಷ್ಟು ಹೊತ್ತೂ ಕೆಳಗೆ ಎಚ್ಚರಿಕೆಯ ಸಾಲು. ಅಡಿಬರಹವೂ ಅಲ್ಲೇ ಬರಬೇಕಲ್ಲ? ಫ್ರೇಮು ಕಟ್ಟುವಾಗಲೇ ಕೆಳಗೆ ಜಾಗ ಬಿಡದಿದ್ದರೆ ಎರಡೂ ಸೇರಿ ಪಾತ್ರದ ಗಲ್ಲ ತಿನ್ನುತ್ತವೆ.

ತನ್ನನ್ನು ತಾನು ನೋಯಿಸಿಕೊಳ್ಳುವುದನ್ನೋ ಆತ್ಮಹತ್ಯೆಯನ್ನೋ ತೋರಿಸಬೇಕಾದರೆ ವಿಧಾನವನ್ನು ತೋರಿಸಬೇಡಿ. ಸಿನಿಮಾ, ರಂಗಭೂಮಿಯವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಂದ ಕೈಪಿಡಿಯ ಸಲಹೆಯೂ ಇದೇ. ಹಿಂದಿನ ದಿನದ ಡಬ್ಬಿ ತೊಳೆಯದೆ ಬಿದ್ದಿರುವುದು, ಮೆಸೇಜು ಓದಿ ಉತ್ತರಿಸದ ಗೆಳತಿ, ಬಾಗಿಲ ಹೊರಗಿನ ಚಪ್ಪಲಿ: ಕತೆ ಇವುಗಳಲ್ಲಿ ಸಿಗುತ್ತದೆ. ವಿಧಾನ ತೋರಿಸಿದ ಚಿತ್ರಕ್ಕೆ ಧೈರ್ಯವಿದೆ ಎಂದು ಹೊಗಳುವವರಿದ್ದಾರೆ. ನನಗೆ ಅದು ಸೋಮಾರಿತನ.

ಸೆನ್ಸಾರ್ ಪ್ರಮಾಣಪತ್ರದ ಬಗ್ಗೆ ಚುಟುಕಾಗಿ. 'ಕಿಡ್ಸ್'ಗೆ ಅಮೆರಿಕದಲ್ಲಿ ಎನ್‌ಸಿ-17 ಬಂತು, ಅಂದರೆ ಹದಿನೇಳು ಮತ್ತು ಅದರ ಕೆಳಗಿನವರಿಗೆ ಪ್ರವೇಶವಿಲ್ಲ. ಹಂಚಿಕೆಯ ಮಿರಾಮ್ಯಾಕ್ಸ್ ಆಗ ಡಿಸ್ನಿಯ ಕೈಯಲ್ಲಿತ್ತು, ಡಿಸ್ನಿಗೆ ಅಂಥ ಚಿತ್ರ ಬೇಡವಾಗಿತ್ತು. ಅದೊಂದಕ್ಕೇ ಬೇರೆ ಕಂಪನಿ ಹುಟ್ಟುಹಾಕಿ ರೇಟಿಂಗ್ ಇಲ್ಲದೆ ಬಿಡುಗಡೆ ಮಾಡಿದರು. ನಮ್ಮಲ್ಲಿ ಆ ಹಿತ್ತಲ ಬಾಗಿಲಿಲ್ಲ. ಇದೇ ಪುಣೆಯ 1976–77ರ ಜೋಶಿ–ಅಭ್ಯಂಕರ್ ಕೊಲೆಗಳಿಂದ (ಮಾಡಿದವರು ಕಾಲೇಜು ಹುಡುಗರು) ಪ್ರೇರಿತವಾದ ಅನುರಾಗ್ ಕಶ್ಯಪ್ ಅವರ 'ಪಾಂಚ್' ಚಿತ್ರ ಸೆನ್ಸಾರಿನಲ್ಲಿ ಸಿಕ್ಕಿಕೊಂಡಿತು, ಆಗ ಚಿತ್ರಮಂದಿರಕ್ಕೆ ಬರಲಿಲ್ಲ. 2023ರ ತಿದ್ದುಪಡಿಯಿಂದ, ಪೋಷಕರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಯುಎ ದರ್ಜೆ 7+, 13+, 16+ ಎಂದು ಮೂರಾಗಿದೆ. 16+ ಸಿಗುವಂತೆ ಬರೆಯಲು ಸಾಧ್ಯವೇ ಎಂದು ಸ್ಕ್ರಿಪ್ಟಿನ ಹಂತದಲ್ಲೇ ಕೇಳಿಕೊಳ್ಳಿ. ದೊಡ್ಡವರಿಗೆ ಮಾತ್ರ ಎನ್ನುವ 'ಎ' ಬಂದರೆ ಹದಿನಾರರವರ ಕತೆಯನ್ನು ಹದಿನಾರರವರೇ ನೋಡುವಂತಿಲ್ಲ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದೆ.

ಕನ್ನಡದಲ್ಲಿ ಯಾರೂ ಮುಟ್ಟದ ವಸ್ತು ಇದ್ದರೆ ಹೇಳಿ ಎಂದು ಒಬ್ಬರು ಕೇಳಿದರು. ಮುಂಬಯಿಯ ಹೋಟೆಲ್ ಮಾಣಿಗಳು. ಹಗಲೆಲ್ಲ ಟೇಬಲ್ ಒರೆಸಿ, ರಾತ್ರಿ ಕನ್ನಡ ನೈಟ್ ಸ್ಕೂಲಿನ ಬೆಂಚಿನ ಮೇಲೆ ತೂಕಡಿಸಿ, ಆಮೇಲೆ ಮುಚ್ಚಿದ ಹೋಟೆಲಿನ ಅದೇ ಟೇಬಲ್ಲುಗಳ ಮೇಲೆ ಮಲಗಿದ ಹುಡುಗರು. ಅಪ್ಪ ಅಮ್ಮ ಊರಲ್ಲಿ, ಕೇಳುವವರು ಯಾರೂ ಇಲ್ಲ. ಅವರಲ್ಲಿ ಧಣಿಗಳಾದವರ ಕತೆ ನಮಗೆ ಬಾಯಿಪಾಠ. ದಾರಿ ತಪ್ಪಿದವರದ್ದು ಯಾರೂ ಹೇಳಿಲ್ಲ. 14ರ ಒಳಗಿನವರನ್ನು ಹೋಟೆಲಿನ ಕೆಲಸಕ್ಕಿಡುವುದನ್ನು 2006ರ ಅಕ್ಟೋಬರಿನಲ್ಲಿ ನಿಷೇಧಿಸಿದ್ದಾರೆ, ಹಾಗಾಗಿ ಹಳೆಯ ಕಾಲದ ಕತೆಯಾಗಿಯೇ ಮಾಡಬೇಕು. ಹಿತ್ತಾಳೆಯ ಲೋಟ, ಅಮೃತಶಿಲೆ ಹಾಸಿದ ಟೇಬಲ್ಲು ಹುಡುಕಲು ಮಾಟುಂಗಾದಲ್ಲಿ ಈಗಲೇ ಶುರುಮಾಡಿ.

ಮನೆಯಲ್ಲಿ ಹದಿನಾರರ ಮಗಳಿದ್ದಾಳೆ, ಇಂಥ ಚಿತ್ರ ತೋರಿಸಬಹುದೇ ಎಂದು ಒಬ್ಬ ತಾಯಿ ಕೇಳಿದರು. 'ಕಿಡ್ಸ್' ಬೇಡ, ಅದು ದೊಡ್ಡವರು ನೋಡಬೇಕಾದದ್ದು. 16+ ಎಂದಿರುವ ಯಾವುದಾದರೂ ಇದ್ದರೆ ಮೊದಲು ನೀವೊಬ್ಬರೇ ಪೂರ್ತಿ ನೋಡಿ, ನಿಲ್ಲಿಸಿ ಮಾತಾಡಬೇಕೆನ್ನಿಸಿದ ನಿಮಿಷಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಮಗಳೊಂದಿಗೆ ನೋಡುವಾಗ ಹಿಂದೆ ಕೂರಬೇಡಿ, ಪಕ್ಕದಲ್ಲಿ ಕೂರಿ, ಫೋನು ಬೇರೆ ಕೋಣೆಯಲ್ಲಿರಲಿ. ಅವಳು ನಡುವೆ ಎದ್ದುಹೋದರೆ ತಡೆಯಬೇಡಿ. ನೋಡಿದ್ದು ಮನಸ್ಸಿಗೆ ಹತ್ತಿ ಎರಡು ಮೂರು ದಿನವಾದರೂ ಇಳಿಯದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ. ಮಕ್ಕಳಿಗೇ ಅಂತ 1098 ಸಹಾಯವಾಣಿ ಇದೆ. ಮುಗಿದ ಮೇಲೆ ಏನು ಕಲಿತೆ ಎಂದು ಮಾತ್ರ ಕೇಳಬೇಡಿ. ಚಿತ್ರದ ಹುಡುಗಿಯ ಅಮ್ಮ ಎಷ್ಟು ಸಲ ಬಂದಳು ಎಂದು ಕೇಳಿ ನೋಡಿ. ನಿಮ್ಮ ಮಗಳು ಎಣಿಸಿರುತ್ತಾಳೆ.